ಮಳೆಗಾಲದ ಸಂಜೆ ನಾಯಿಯನ್ನು ಕಟ್ಟೋಣ, ಕಪ್ಪೆಯನ್ನು ಬಿಡೋಣ

ಗೋವಾದಲ್ಲಿ ಜೂನ್ ಮೊದಲ ವಾರದ ಹೊತ್ತಿಗೆ ಮಳೆ ಹಿಡಿಯುತ್ತದೆ. ಮಳೆ ಹಿಡಿದ ರಾತ್ರಿಯೇ ಕಪ್ಪೆಗಳು ಹೊರಗೆ ಬರುತ್ತವೆ. ಗದ್ದೆ ಬಯಲಲ್ಲಿ ಗೂಳಿಗಪ್ಪೆ, ಮನೆಯಂಗಳದಲ್ಲಿ ನೆಲಗಪ್ಪೆ. ಗೂಳಿಗಪ್ಪೆಗೆ ಇಲ್ಲಿ ಮನುಷ್ಯರದೇ ಭಯ. ಕಣ್ಣಿಗೆ ಟಾರ್ಚ್ ಬೆಳಕು ಬಿದ್ದರೆ ಅದು ಅಲ್ಲಾಡದೆ ಕೂತುಬಿಡುತ್ತದೆ, ಹಿಡಿಯುವವರು ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಕಪ್ಪೆ ಕಾಲಿನ ರಫ್ತನ್ನು ನಮ್ಮ ದೇಶ 1987ರಲ್ಲೇ ನಿಲ್ಲಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗೂಳಿಗಪ್ಪೆಗೆ ರಕ್ಷಣೆಯೂ ಇದೆ. ಆದರೂ ‘ಜಂಪಿಂಗ್ ಚಿಕನ್’ ಅನ್ನುವ ಹೆಸರಲ್ಲಿ ಅದು ತಟ್ಟೆಗೆ ಬರುತ್ತದೆ. ಇದರ ಬಗ್ಗೆ ಪೇಪರಿನಲ್ಲಿ ಬರುತ್ತದೆ, ಜನ ಮಾತಾಡುತ್ತಾರೆ. ನಾನು ಹೇಳಬೇಕೆಂದಿರುವುದು, ಕಚ್ಚಿದರೆ ಮೈಯಿಂದ ವಿಷದ ರಸ ಬಿಡುವ ನೆಲಗಪ್ಪೆಯ ಬಗ್ಗೆ. ಅದಕ್ಕೆ ಕಾಟ ಕೊಡುವುದು ನಮ್ಮ ಸಾಕುನಾಯಿಗಳು. ಆಮೇಲೆ, ಆ ನಾಯಿ ಸಾಕಿದ ನಾವು.

ನನ್ನೂರು ಉತ್ತರ ಕನ್ನಡದ ಸಿದ್ದಾಪುರ ತಾಲೂಕು. ಈಗ ಇರುವುದು ಗೋವಾದ ಫೋಂಡಾ ಹತ್ತಿರ. ಎರಡೂ ಕಡೆ ಅದೇ ಸಹ್ಯಾದ್ರಿ ಮಳೆ, ಗೋವಾದಲ್ಲೂ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಸುರಿಯುತ್ತದೆ. ಅದೇ ಚಿರೆಕಲ್ಲಿನ ಪಾಗಾರ (ಕಾಂಪೌಂಡ್ ಗೋಡೆ), ಅದೇ ಅಡಿಕೆ ತೋಟ, ಪಾಗಾರದ ಸಂದಿಯಲ್ಲಿ ಅದೇ ನೆಲಗಪ್ಪೆ. ನಾಯಿ ಸಾಕುವ ರೀತಿ ಮಾತ್ರ ಬೇರೆ ಬೇರೆ.

ನಮ್ಮೂರಲ್ಲಿ ಹಗಲು ನಾಯಿಗೆ ಸರಪಳಿ, ರಾತ್ರಿ ಬಿಡುಗಡೆ. ತೋಟಕ್ಕೆ ಹಂದಿ ಬಂದರೆ ಬೊಗಳಬೇಕು, ಅಪರಿಚಿತರು ಬಂದರೆ ಮನೆಯವರನ್ನು ಎಬ್ಬಿಸಬೇಕು. ಅದಕ್ಕೇ ಸಾಕುವುದು. ರಾತ್ರಿ ಅದು ಏನು ಅಟ್ಟಿಸಿಕೊಂಡು ಹೋಯಿತು, ಏನು ಕಚ್ಚಿತು ಅಂತ ಯಾರೂ ನೋಡುವುದಿಲ್ಲ. ಬೆಳಗ್ಗೆ ಮೂತಿಗೆ ಮುಳ್ಳುಹಂದಿಯ ಮುಳ್ಳು ಚುಚ್ಚಿಕೊಂಡು ಬಂದಾಗ ಗೊತ್ತಾಗುತ್ತದೆ. ಬಾಯಲ್ಲಿ ನೊರೆ ಬಂದರೆ ಕಪ್ಪೆಗೆ ಬಾಯಿ ಹಾಕಿದೆ ಅಂತ ತಿಳಿದು ಒಂದು ಚೊಂಬು ನೀರು ಎರಚುತ್ತಾರೆ. "ಒಂದ್ಸಲ ಬಾಯಿ ಹಾಕಿದ್ರೆ ಸಾಕು, ಮತ್ತೆ ಮುಟ್ತಿಲ್ಲೆ" ಅನ್ನುತ್ತಿದ್ದರು ನಮ್ಮ ದೊಡ್ಡಪ್ಪ. ಅವರ ಮಾತು ಎಷ್ಟೋ ನಾಯಿಗಳ ಮಟ್ಟಿಗೆ ನಿಜ. ಕೆಟ್ಟ ರುಚಿ ನೆನಪಿಟ್ಟುಕೊಂಡು ದೂರ ಇರುತ್ತವೆ. ಕೆಲವು ಮಾತ್ರ ಎಷ್ಟು ಸಲ ನೊರೆ ಉಗುಳಿದರೂ ಮತ್ತೆ ಅಲ್ಲೇ ಹೋಗುತ್ತವೆ. ಅಟ್ಟುವ ಹುಮ್ಮಸ್ಸು ಹತ್ತಿದ ನಾಯಿಗೆ ರುಚಿಯ ನೆನಪು ಅಡ್ಡ ಬರುವುದಿಲ್ಲ. ಹಲವು ಸಲ ವಿಷ ತಾಗಿದರೆ ಮೈ ಒಗ್ಗಿಕೊಳ್ಳುತ್ತದೆ ಅನ್ನುವುದೂ ತಪ್ಪು.

ಇಲ್ಲಿ ಗೋವಾದ ಹಳೆಯ ಮನೆಗಳ ರೀತಿ ನೋಡಿ. ನಮ್ಮ ಪಕ್ಕದ ಮನೆಯಮ್ಮನ ನಾಯಿ ಹಗಲೆಲ್ಲ ಬಾಲ್ಕಾಂವ್ (ಮನೆ ಮುಂದಿನ ಜಗಲಿ) ಮೇಲೆ ಬಿದ್ದುಕೊಂಡಿರುತ್ತದೆ, ಬೀದಿಗೂ ಹೋಗಿ ಬರುತ್ತದೆ. ಆದರೆ ಮಳೆಗಾಲದಲ್ಲಿ ದೀಪ ಹಚ್ಚುವ ಹೊತ್ತಿಗೆ ಅವರು ಅದನ್ನು ಒಳಗೆ ಕರೆದು, ಅನ್ನ ಮೀನಿನ ಸಾರು ಹಾಕಿ, ಬಾಗಿಲು ಹಾಕುತ್ತಾರೆ. ಹೊರಗಿನ ದೀಪವನ್ನೂ ಆರಿಸುತ್ತಾರೆ. ದೀಪ ಇದ್ದರೆ ರೆಕ್ಕೆ ಬಂದ ಗೆದ್ದಲು ಬರುತ್ತವೆ, ಅದನ್ನು ತಿನ್ನಲು ಕಪ್ಪೆ ಬರುತ್ತದೆ, ಕಪ್ಪೆ ಬಂದರೆ ನಾಯಿ ನುಗ್ಗುತ್ತದೆ. ಈ ಲೆಕ್ಕ ಅವರಿಗೆ ಚಿಕ್ಕಂದಿನಿಂದ ಗೊತ್ತು. ನಾಯಿಯ ಊಟದ ಬಟ್ಟಲನ್ನು ರಾತ್ರಿ ಹೊರಗೆ ಬಿಡುವುದಿಲ್ಲ, ಇರುವೆ ಹುಳ ಮುತ್ತುತ್ತವೆ ಅಂತ. ನೀರಿನ ಬಟ್ಟಲನ್ನೂ ಬಿಡುವುದಿಲ್ಲ, ಅದರಲ್ಲಿ ಕಪ್ಪೆ ಇಳಿದು ಕೂರುತ್ತದೆ. ನನಗೆ ತುಂಬಾ ಹಿಡಿಸಿದ ಕ್ರಮ ಇದು. ಖರ್ಚಿಲ್ಲ, ಯಾರಿಗೂ ನೋವಿಲ್ಲ.

ಮೂರನೆಯ ರೀತಿ ಹೊಸದು. ಹೊರಗಿನಿಂದ ಬಂದು ಗೇಟೆಡ್ ಕಾಲೊನಿಗಳಲ್ಲಿ ನೆಲೆಸಿದವರದು. ಅದರಲ್ಲಿ ಬೆಂಗಳೂರಿನ ನಮ್ಮವರೂ ಇದ್ದಾರೆ. ಬೀಗಲ್, ಡ್ಯಾಶ್‌ಹಂಡ್, ಟೆರಿಯರ್ ಸಾಕುತ್ತಾರೆ. ಇವೆಲ್ಲ ಸಣ್ಣ ಪ್ರಾಣಿಯನ್ನು ಮೂಸಿ, ಅಟ್ಟಿ, ಬಿಲದಿಂದ ಎಳೆಯಲೆಂದೇ ತಲೆಮಾರುಗಳಿಂದ ಬೆಳೆಸಿದ ತಳಿಗಳು. ಫ್ಲ್ಯಾಟಿನಲ್ಲಿ ಟೈಲ್ಸ್ ನೆಲದ ಮೇಲೆ ಬೆಳೆದ ಅಂಥ ನಾಯಿಗೆ ಮೊದಲ ಸಲ ಹುಲ್ಲು, ಮಳೆ, ಎದುರಿಗೆ ಕುಪ್ಪಳಿಸುವ ಒಂದು ಜೀವ. ಅದು ಸುಮ್ನೆ ನೋಡುತ್ತಾ ನಿಲ್ಲಬೇಕು ಅಂದರೆ ಹೇಗೆ? ಈ ಮಾಲೀಕರಿಗೆ ನಾಯಿಯ ಮೇಲೆ ಪ್ರೀತಿ ಕಡಿಮೆ ಇಲ್ಲ. ಲಸಿಕೆ, ಬೆಲ್ಟು, ಡಾಕ್ಟರು ಎಲ್ಲ ಸರಿಯಾಗಿ ನೋಡಿಕೊಳ್ಳುತ್ತಾರೆ. ಆದರೆ ನಾಯಿ ಕಪ್ಪೆ ಕಚ್ಚಿದ ಮರುದಿನ ಕಪ್ಪೆಯ ಮೇಲೆ ದೂರು ಕೊಡುತ್ತಾರೆ. ತೋಟಕ್ಕೆ ಔಷಧಿ ಹೊಡೆಸಿ, ಪಾಗಾರದ ಬುಡಕ್ಕೆ ಉಪ್ಪು ಸುರಿಸಿ ಅನ್ನುತ್ತಾರೆ.

ಕಪ್ಪೆಯ ಚರ್ಮ ನಮ್ಮ ಚರ್ಮದ ಹಾಗಲ್ಲ. ಅದರ ಮೂಲಕವೇ ಅದು ನೀರು ಹೀರುತ್ತದೆ, ಸ್ವಲ್ಪ ಮಟ್ಟಿಗೆ ಉಸಿರಾಡುತ್ತದೆ. ಉಪ್ಪು ಬಿದ್ದರೆ ಮೈಯ ನೀರೆಲ್ಲ ಎಳೆದುಕೊಂಡು ನರಳಿ ಸಾಯುತ್ತದೆ. ಹುಳದ ಔಷಧಿಯೂ ಹಾಗೆಯೇ ನೇರ ಒಳಗೆ ಹೋಗುತ್ತದೆ. ಒಂದು ನಾಯಿಯ ಬಾಯಿ ಉರಿಯಿತು ಅಂತ ಇಷ್ಟು ಹಿಂಸೆ ಸರಿ ಅಂತ ನನಗೆ ಯಾವತ್ತೂ ಅನಿಸಿಲ್ಲ. ಇಲ್ಲಿ ತೋಟ, ಕಾವಲು, ಕಟ್ಟಡದ ಕೆಲಸದಲ್ಲಿ ನಮ್ಮ ಗದಗ, ಕೊಪ್ಪಳ, ಹಾವೇರಿ ಕಡೆಯವರು ಬಹಳ ಜನ ಇದ್ದಾರೆ. ಔಷಧಿ ಹೊಡೆಯುವ ಕೆಲಸ ಕೊನೆಗೆ ಅವರ ಕೈಗೇ ಬರುತ್ತದೆ. ಹಾಗೆ ಕೆಲಸ ಬಂದಾಗ ರೋಣ ಕಡೆಯ ಒಬ್ಬ ತೋಟದ ಕೆಲಸಗಾರರು ನನಗೆ ಹೇಳಿದ್ದು ಇದು: "ಅವೇನ್ ಮಾಡ್ಯಾವ್ರಿ ಸರ? ಹುಳಾ ತಿನ್ಕೊಂಡು ತಮ್ಮ ಪಾಡಿಗೆ ತಾವು ಕುಂತಿರ್ತಾವ್ರಿ. ನಾಯಿ ಕಟ್ಟಾಕ್ ಹೇಳ್ರಿ." ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಇರುವೆ, ಗೆದ್ದಲು, ಜಿರಲೆ, ದುಂಬಿ, ಇವೆಲ್ಲ ನೆಲಗಪ್ಪೆಯ ಊಟ. ಅದು ಹೋದರೆ ಆ ತೋಟಕ್ಕೇ ನಷ್ಟ ಅಲ್ವಾ?

ನೆಲಗಪ್ಪೆ ತಾನಾಗಿ ಯಾರ ಮೈಮೇಲೂ ಬೀಳುವುದಿಲ್ಲ. ಕಣ್ಣಿನ ಹಿಂದೆ ಎರಡೂ ಕಡೆ ಉಬ್ಬಿದ ಗ್ರಂಥಿಗಳಿರುತ್ತವೆ. ಹಲ್ಲು ಒತ್ತಿದಾಗ ಅಲ್ಲಿಂದ ಹಾಲಿನಂಥ ಅಂಟು ರಸ ಬರುತ್ತದೆ. ಅದರಲ್ಲಿರುವ ವಿಷ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ, ಜಾಸ್ತಿಯಾದರೆ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ. ಕಚ್ಚಿದ ಕೆಲವೇ ನಿಮಿಷದಲ್ಲಿ ಜೊಲ್ಲು, ನೊರೆ, ತಲೆ ಕೊಡವುವುದು, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುವುದು ಶುರುವಾಗುತ್ತದೆ. ಒಸಡು ಕೆಂಪಗಾಗುತ್ತದೆ. ಕೆಲವು ವಾಂತಿ ಮಾಡುತ್ತವೆ. ಅದೇ ಕಪ್ಪೆ, ಅಷ್ಟೇ ವಿಷ ದೊಡ್ಡ ನಾಯಿಗಿಂತ ಮರಿಗೆ, ಸಣ್ಣ ತಳಿಗೆ, ಹೃದಯದ ತೊಂದರೆ ಇರುವ ಮುದಿ ನಾಯಿಗೆ ಹೆಚ್ಚು ಅಪಾಯ.

ಆಗ ಮಾಡಬೇಕಾದದ್ದು ಸರಳ, ಆದರೆ ಕ್ರಮ ತಪ್ಪಬಾರದು. ನಾಯಿಯ ಮೂತಿ ಕೆಳಗೆ ಬಾಗಿಸಿ, ಬಾಯಿಯ ಪಕ್ಕದಿಂದ ಪೈಪಿನ ನೀರು ಮೆಲ್ಲಗೆ ಬಿಡಬೇಕು. ನೀರು ಹೊರಗೇ ಹರಿಯಬೇಕು. ಗಂಟಲಿಗೆ ನೇರ ಬಿಟ್ಟರೆ ವಿಷವೂ ಹೊಟ್ಟೆಗೆ, ನೀರೂ ಶ್ವಾಸಕ್ಕೆ. ಐದು ಹತ್ತು ನಿಮಿಷ ಹೀಗೆ ತೊಳೆದು, ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ, ಅಂಗುಳ ಒರೆಸಬೇಕು. ರಸ ಅಂಟಾಗಿರುವುದರಿಂದ ಬರೀ ನೀರಿಗೆ ಪೂರ್ತಿ ಹೋಗುವುದಿಲ್ಲ. ಆ ಕೈಯಲ್ಲಿ ನಿಮ್ಮ ಕಣ್ಣು ಉಜ್ಜಿಕೊಳ್ಳಬೇಡಿ, ಸಾಬೂನು ಹಾಕಿ ತೊಳೆಯಿರಿ. ಹಾಲು ಕುಡಿಸುವುದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. ತೊಳೆದ ಮೇಲೂ ಡಾಕ್ಟರಿಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು. ನಾಯಿ ತೂರಾಡಿದರೆ, ನಡುಗಿದರೆ, ಫಿಟ್ಸ್ ಬಂದರೆ, ಕುಸಿದು ಮಲಗಿದರೆ ಒಂದು ಕ್ಷಣವೂ ಕಾಯದೆ ಕರೆದುಕೊಂಡು ಹೋಗಬೇಕು.

ಮೊಬೈಲಿನಲ್ಲಿ ಓದಿ ಗಾಬರಿಯಾಗುವವರಿಗೆ ಒಂದು ಮಾತು. ಅಲ್ಲಿ ಸಿಗುವ ಭಯಂಕರ ಕಥೆಗಳಲ್ಲಿ ಬಹಳಷ್ಟು ಕೇನ್ ಟೋಡ್ ಅನ್ನುವ ದೊಡ್ಡ ಕಪ್ಪೆಯವು. ಅದು ಅಮೆರಿಕ ಖಂಡದ್ದು. 1935ರಲ್ಲಿ ಆಸ್ಟ್ರೇಲಿಯಾದವರು ಕಬ್ಬಿನ ಹುಳ ತಿನ್ನಲಿ ಅಂತ ಕ್ವೀನ್ಸ್‌ಲ್ಯಾಂಡಿಗೆ ತಂದು ಬಿಟ್ಟರು. ಅಲ್ಲಿ ಅದಕ್ಕೆ ಬಾಯಿ ಹಾಕಿದ ಎಷ್ಟೋ ಪ್ರಾಣಿಗಳು ಸತ್ತೇ ಹೋದವು. ನಮ್ಮ ಅಂಗಳದಲ್ಲಿರುವುದು ಅದಲ್ಲ. ನಮ್ಮ ನೆಲಗಪ್ಪೆಯನ್ನು ಕಚ್ಚಿದ ಹೆಚ್ಚಿನ ನಾಯಿಗಳು ನೊರೆ ಉಗುಳಿ ಸುಧಾರಿಸಿಕೊಳ್ಳುತ್ತವೆ. ಹಾಗಂತ ಅದು ವಿಷವೇ ಅಲ್ಲ ಅಂತ ಬಿಟ್ಟುಬಿಡುವ ಹಾಗೂ ಇಲ್ಲ. ಇದೇ ನಮ್ಮ ಏಷ್ಯಾದ ನೆಲಗಪ್ಪೆ ಹಡಗುಗಳ ಸರಕಿನ ಜೊತೆ ಮಡಗಾಸ್ಕರ್ ಸೇರಿ, ಅದನ್ನು ಎಂದೂ ಕಾಣದ ಅಲ್ಲಿನ ಪ್ರಾಣಿಗಳಿಗೆ ದೊಡ್ಡ ಅಪಾಯ ಆಗಿದೆ.

ನನಗೆ ಕಪ್ಪೆಗಿಂತ ಜಾಸ್ತಿ ಭಯ ಕಪ್ಪೆಯ ಹಿಂದೆ ಬರುವ ಹಾವಿನದು. ನಾಗರಹಾವಿಗೆ ಕಪ್ಪೆ ಇಷ್ಟದ ಊಟ. ಮಳೆಗಾಲದ ರಾತ್ರಿ ಪೊದೆಯ ಬುಡದಲ್ಲಿ ಕಪ್ಪೆ ಹುಡುಕಿ ಮೂತಿ ತೂರಿಸುವ ನಾಯಿ, ಅದೇ ಕಪ್ಪೆಗೆ ಕಾದಿರುವ ಹಾವಿನ ಮುಂದೆ ಮೂತಿ ಒಡ್ಡುತ್ತದೆ. ಇಲಿಯ ಹಿಂದೆ ಬಂದ ಕೊಳಕುಮಂಡಲವೂ ಅಲ್ಲೇ ಇರಬಹುದು. ಮೂತಿಯೋ ಕಾಲೋ ಬೇಗ ಬೇಗ ಊದಿಕೊಂಡರೆ ಅದು ಕಪ್ಪೆಯ ಕೆಲಸ ಅಲ್ಲ, ಬಾಯಿ ತೊಳೆಯುತ್ತಾ ಕೂರಬೇಡಿ, ಹೊರಡಿ. ನೀರು ನಿಂತ ಗುಂಡಿಯಲ್ಲಿ ಇಲಿ ಉಚ್ಚೆಯಿಂದ ಬರುವ ಇಲಿಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ನಮಗೂ ಬರಬಹುದು. ನಾಯಿಗೆ ಅದರ ಲಸಿಕೆ ಇದೆ, ಜೂನ್‌ಗೆ ಮುಂಚೆಯೇ ಹಾಕಿಸಿಬಿಡಿ.

ಅಟ್ಟುವುದು ಕಪ್ಪೆಗೇ ನಿಲ್ಲುವುದೂ ಇಲ್ಲ. ಕಪ್ಪೆ ಆದ ಮೇಲೆ ಓತಿಕ್ಯಾತ, ಅಳಿಲಿನ ಮರಿ, ಕೇರೆ ಹಾವು, ನೆಲಕ್ಕೆ ಬಿದ್ದ ಹಕ್ಕಿಮರಿ. ಉಡಕ್ಕೂ ಅಟಕಾಯಿಸುತ್ತವೆ. ನಮ್ಮೂರಲ್ಲಿ ನಾಯಿ ಏನಾದರೂ ಹಿಡಿದು ತಂದರೆ ಮನೆಯವರು ಹೆಮ್ಮೆಪಡುವುದನ್ನು ನೋಡಿದ್ದೇನೆ. ಅದು ಬಿಡಬೇಕಾದ ಅಭ್ಯಾಸ ಅಂತ ಇಲ್ಲಿಗೆ ಬಂದ ಮೇಲೆ ನನಗೆ ಗಟ್ಟಿಯಾಯಿತು. ಹಾಗೇ ಊರಿನವರಿಂದ ಇಲ್ಲಿಯವರು ಕಲಿಯಬೇಕಾದದ್ದೂ ಇದೆ. ಅಲ್ಲಿ ಯಾರೂ ಕಪ್ಪೆಯನ್ನು ಅಂಗಳದಿಂದ ತೆಗೆಯಬೇಕು ಅಂತ ಯೋಚಿಸುವುದೇ ಇಲ್ಲ. ಬಚ್ಚಲ ಮೂಲೆಯಲ್ಲಿ ಕೂತಿದ್ದರೆ ಕಾಲು ತಾಗದ ಹಾಗೆ ದಾಟಿ ಹೋಗುತ್ತಾರೆ.

ನಮ್ಮ ಮನೆಯ ನಾಯಿ ಕಾಳು ಬೀದಿಯಿಂದ ಬಂದವನು, ಮೂಸುವುದರಲ್ಲಿ ಯಾವ ಬೀಗಲ್‌ಗೂ ಕಡಿಮೆ ಇಲ್ಲ. ಪಕ್ಕದ ಮನೆಯಮ್ಮನ ಕ್ರಮವನ್ನೇ ನಾವೂ ಹಿಡಿದಿದ್ದೇವೆ. ಕತ್ತಲಾಗುವ ಮುಂಚೆ ತಿರುಗಾಟ ಮುಗಿಯುತ್ತದೆ. ರಾತ್ರಿ ಉಚ್ಚೆಗೆ ಹೊರಗೆ ಬಿಟ್ಟರೆ ಗಿಡ್ಡ ಹಗ್ಗ, ಕೈಯಲ್ಲಿ ಟಾರ್ಚ್. ಉದ್ದಕ್ಕೆ ಎಳೆಯುವ ಬೆಲ್ಟ್ ಕತ್ತಲಲ್ಲಿ ಪ್ರಯೋಜನಕ್ಕಿಲ್ಲ, ನಾವು ನೋಡುವಷ್ಟರಲ್ಲಿ ಕಪ್ಪೆ ಅದರ ಬಾಯಲ್ಲಿರುತ್ತದೆ. ‘ಬಿಡು’ ಅಂದರೆ ಬಿಡುವುದನ್ನು ಮನೆಯೊಳಗೆ ಚಪ್ಪಲಿ, ಚೆಂಡು ಇಟ್ಟು ಕಲಿಸಿದ್ದು. ಬಿಟ್ಟರೆ ಬದಲಿಗೆ ಮೀನಿನ ತುಂಡು. ಕಿರುಚಿ, ಹೊಡೆದು ಕಲಿಸಿದರೆ ನಾಯಿ ಬಾಯಲ್ಲಿರುವುದನ್ನು ಗಬಕ್ಕನೆ ನುಂಗುತ್ತದೆ, ಕಪ್ಪೆಯ ವಿಷಯದಲ್ಲಿ ಅದು ಎಲ್ಲಕ್ಕಿಂತ ಕೆಟ್ಟದ್ದು.

ಇನ್ನು ಚೌತಿ ಬರುತ್ತದೆ. ಗೋವಾ, ಪುಣೆ, ಬೆಂಗಳೂರಿನಿಂದ ನಮ್ಮವರು ನಾಯಿಯನ್ನೂ ಕಾರಲ್ಲಿ ಕೂರಿಸಿಕೊಂಡು ಊರಿಗೆ ಬರುತ್ತಾರೆ. ಮಳೆ ಇನ್ನೂ ಬಿಟ್ಟಿರುವುದಿಲ್ಲ. ಅಂಗಳಕ್ಕೆ ಇಳಿದ ಕೂಡಲೇ "ಪಾಪ, ಸ್ವಲ್ಪ ಓಡಾಡಲಿ" ಅಂತ ಹಗ್ಗ ಬಿಚ್ಚುತ್ತಾರೆ. ಹಗಲು ಬಿಚ್ಚಿ, ಸಂಜೆ ಕಟ್ಟಿ. ಊರಿನ ನಾಯಿ ಬಿಟ್ಟಿದೆ ಅಂತ ನಿಮ್ಮದನ್ನೂ ಬಿಡಬೇಡಿ, ಅದಕ್ಕೆ ಆ ಅಂಗಳ ಗೊತ್ತಿದೆ, ನಿಮ್ಮ ನಾಯಿಗೆ ಗೊತ್ತಿಲ್ಲ. ದನದ ಡಾಕ್ಟರು ಸಾಮಾನ್ಯವಾಗಿ ಪೇಟೆಯಲ್ಲಿರುತ್ತಾರೆ, ರಾತ್ರಿ ಹಳ್ಳಿಯಿಂದ ಅಲ್ಲಿಗೆ ಹೋಗುವುದು ಸುಲಭ ಅಲ್ಲ. ಹೊರಡುವ ಮುಂಚೆಯೇ ಅವರ ಫೋನ್ ನಂಬರ್ ಊರಿನವರ ಹತ್ತಿರ ಕೇಳಿ ಇಟ್ಟುಕೊಳ್ಳಿ. ಜಗಲಿಯ ದೀಪವನ್ನು ಬೇಗ ಆರಿಸಿ ಅಂತ ಮನೆಯವರಿಗೂ ಹೇಳಿ.