ಕೈ ಇಡುವ ಮೊದಲು

ನಾನು ಕುಮಟಾದವನು. ಈಗ ಕೆನಡಾದ ಒಂಟಾರಿಯೋದಲ್ಲಿ ಮಸಾಜ್ ಥೆರಪಿಸ್ಟ್. ಊರಿಗೆ ಹೋದಾಗ ಇದನ್ನು ಹೇಳಿದರೆ ಎದುರಿನವರಿಗೆ ಒಂದು ಸಣ್ಣ ನಗು ಬರುತ್ತದೆ. ಗೋಕರ್ಣದಲ್ಲಿ ಟೂರಿಸ್ಟುಗಳಿಗೆ ಮಾಡ್ತಾರಲ್ಲ, ಅದೇ ತಾನೆ? ಅದಲ್ಲ ಮಾರಾಯ್ರೆ. ನಾನಿರುವ ಕ್ಲಿನಿಕ್ಕಿನಲ್ಲಿ ಪಕ್ಕದ ಕೋಣೆಯಲ್ಲೇ ಫಿಸಿಯೋಥೆರಪಿಸ್ಟ್ ಇರುತ್ತಾರೆ. ಮಂಡಿ ಆಪರೇಷನ್ ಆದವರು, ಪಾರ್ಶ್ವವಾಯು ಬಡಿದವರು, ಕುತ್ತಿಗೆ ಹಿಡಿದುಕೊಂಡವರು ಬರುತ್ತಾರೆ.

ಇಲ್ಲಿ ಈ ಕೆಲಸಕ್ಕೆ 1991ರ ಕಾಯ್ದೆ ಇದೆ. ನೋಂದಣಿ ಆಗದವರು ಮಸಾಜ್ ಥೆರಪಿಸ್ಟ್ ಎಂದು ಬೋರ್ಡ್ ಹಾಕುವ ಹಾಗಿಲ್ಲ. ಅದಿರಲಿ. ನನಗೆ ದೊಡ್ಡದು ಎನಿಸುವುದು ಕೈ ಇಡುವ ಮೊದಲಿನ ಮಾತುಕತೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ತೀರಾ? ಸಕ್ಕರೆ ಕಾಯಿಲೆ ಇದೆಯಾ, ಪಾದ ಮುಟ್ಟಿದರೆ ಗೊತ್ತಾಗುತ್ತಾ? ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ನಾನು ಮುಟ್ಟುವುದೇ ಇಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಸೀದಾ ಡಾಕ್ಟರ ಹತ್ತಿರ ಕಳಿಸುತ್ತೇನೆ. ಎಲ್ಲಿ ಮುಟ್ಟುತ್ತೇನೆ, ಯಾಕೆ ಎಂದು ಹೇಳಿ ಒಪ್ಪಿಗೆ ಕೇಳಬೇಕು. ನಡುವೆ ಬೇಡ ಎಂದರೆ ಅಲ್ಲಿಗೇ ನಿಲ್ಲಿಸಬೇಕು. ಆಮೇಲೆ ಎಲ್ಲ ಬರೆದಿಡಬೇಕು.

ನಮ್ಮ ಕಡೆ ಈ ಕೆಲಸ ಬಲ್ಲವರು ಇಲ್ಲವೆಂದಲ್ಲ. ಸಿರ್ಸಿಯಲ್ಲಿ ಅಡಿಕೆ ಮರ ಹತ್ತುವ ಕೊನೆಗೌಡರ ಭುಜ ಹಿಡಿದರೆ, ಕಾರವಾರದಲ್ಲಿ ಬಲೆ ಎಳೆದವರ ಸೊಂಟ ಹಿಡಿದರೆ, ನೀವಿಕೊಡುವವರು ಊರಲ್ಲೇ ಸಿಗುತ್ತಾರೆ. ಇನ್ನು ಬಾಣಂತಿ, ಮಗುವನ್ನು ಎಣ್ಣೆ ಹಚ್ಚಿ ಮೀಯಿಸುವ ಹೆಂಗಸರ ಕೈ ನೋಡಬೇಕು. ಅಕ್ಕನ ಬಾಣಂತನಕ್ಕೆ ಬರುತ್ತಿದ್ದ ಅಜ್ಜಿ ಕಾಯಿಸಿದ ತೆಂಗಿನೆಣ್ಣೆಯನ್ನು ಮೊದಲು ತಮ್ಮ ಮಣಿಕಟ್ಟಿಗೆ ಹಾಕಿಕೊಂಡು ನೋಡುತ್ತಿದ್ದರು. ಕಾಲು ಚಾಚಿ ಕೂತು, ಅದರ ಮೇಲೆ ಮಗುವನ್ನು ಮಲಗಿಸಿ, ಅದರ ಎಡಗೈ ಬಲಗಾಲು ಮೆಲ್ಲಗೆ ಕೂಡಿಸಿ ಬಿಡುತ್ತಿದ್ದರು. ಮಗು ಮುಖ ಹುಳ್ಳಗೆ ಮಾಡಿದರೆ ಸಾಕು, ಕೈ ಹಗುರ. ನಾನು ಫೀಸು ಕಟ್ಟಿ ಕಲಿತದ್ದಕ್ಕಿಂತ ಅದೇನೂ ಕಮ್ಮಿಯಲ್ಲ. ಅವರಿಗೆ ಸಿಕ್ಕಿದ್ದು ಒಂದು ಸೀರೆ, ಸ್ವಲ್ಪ ದುಡ್ಡು.

ನನ್ನ ತಕರಾರು ಬೇರೆ. ಗಟ್ಟಿ ತಿಕ್ಕಿದರೇ ಒಳ್ಳೆ ಕೈ ಎಂದು ನಮ್ಮವರ ನಂಬಿಕೆ. ನೋವಾಯ್ತು ಅಂದರೆ, "ಸ್ವಲ್ಪ ತಡ್ಕಳಿ, ಉಳುಕು ಬಿಡ್ತಾ ಇದೆ." ಬಿದ್ದು ಕಾಲು ಊದಿದರೆ ಎಕ್ಸ್‌ರೇಗಿಂತ ಮೊದಲೇ ನೀವಿಸುತ್ತಾರೆ, ಮೂಳೆ ಬಿರುಕು ಬಿಟ್ಟಿದ್ದರೂ. ಅತ್ತ ಡಾಕ್ಟರು, "ಯಾರ ಹತ್ರಾನೂ ತಿಕ್ಕಿಸಬೇಡಿ" ಎಂದು ಒಂದೇ ಮಾತಲ್ಲಿ ಮುಗಿಸುತ್ತಾರೆ. ಜನ ಹ್ಞೂಂ ಎಂದು ತಲೆಯಾಡಿಸಿ, ಮನೆಗೆ ಬಂದು ತಿಕ್ಕಿಸಿಕೊಳ್ಳುತ್ತಾರೆ. ಡಾಕ್ಟರಿಗೆ ಹೇಳುವುದಿಲ್ಲ, ಅಷ್ಟೆ.

ಇಲ್ಲಿನದೆಲ್ಲ ಚಿನ್ನ ಅಂತೇನೂ ಅಲ್ಲ. ಸರ್ಕಾರಿ ವಿಮೆಯಲ್ಲಿ ಮಸಾಜಿಗೆ ದುಡ್ಡು ಸಿಗುವುದಿಲ್ಲ. ಕಂಪನಿ ವಿಮೆ ಇದ್ದವರಿಗೆ ಸಿಗುತ್ತದೆ, ಅದೂ ವರ್ಷಕ್ಕೆ ಇಷ್ಟೇ ಎಂದು. ಅದು ಖರ್ಚಾದ ದಿನವೇ ಎಷ್ಟೋ ಜನರ ಬೆನ್ನುನೋವು ವಾಸಿ!

ಆದರೂ ಕೈ ಇಡುವ ಮೊದಲಿನ ಆ ಪ್ರಶ್ನೆಗಳನ್ನು ಊರಿಗೆ ಕೊಂಡೊಯ್ಯಬಹುದು ಅಲ್ವಾ? ಹೆರಿಗೆಯಾದ ಮೇಲಿನ ವಾರಗಳಲ್ಲಿ ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಬಾಣಂತಿಯ ಕಾಲನ್ನು ದಿನಾ ಮುಟ್ಟುವವರು ಈ ಮೀಯಿಸುವ ಹೆಂಗಸರೇ, ನರ್ಸ್ ಅಲ್ಲ. ಒಂದೇ ಕಾಲು ಊದಿದರೆ ನೀವಬೇಡಿ, ಸಿಸೇರಿಯನ್ ಹೊಲಿಗೆ ಮಾಗುವ ತನಕ ಹೊಟ್ಟೆ ಒತ್ತಬೇಡಿ, ಜ್ವರ ಇದ್ದರೆ ಆಸ್ಪತ್ರೆಗೆ ಕಳಿಸಿ. ಇಷ್ಟನ್ನು ಹೇಳಿಕೊಡಲು ಒಂದು ಮಧ್ಯಾಹ್ನ ಸಾಕು. ಕಾರವಾರದಲ್ಲಿ ಮೆಡಿಕಲ್ ಕಾಲೇಜೇ ಇದೆ, ಹಳ್ಳಿಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಬಂದು ಕೂತವರಿಗೆ ಆ ದಿನದ ಕೂಲಿ ಮಾತ್ರ ಕೊಡಬೇಕು. ಸುಮ್ನೆ ಕರೆದರೆ ಯಾರೂ ಬರುವುದಿಲ್ಲ.