ಸುದ್ದಿಗುಂಪು ಓದಲು ಅಕ್ಷರಗಳಷ್ಟೇ ಇರುವ ತೆರೆ ಸಾಕೆ? ಪರ - ವಿರೋಧ

ಪರ: ಧಾರವಾಡದ ಓದುಗನೊಬ್ಬನ ವಾದ

ಯೂಸ್‌ನೆಟ್ ಎಂಬುದು ಒಂದೊಂದು ವಿಷಯಕ್ಕೆ ಒಂದೊಂದು ಸುದ್ದಿಗುಂಪು ಇರುವ, ಜನ ಸಂದೇಶ ಬರೆದು ಚರ್ಚಿಸುವ ಹಳೆಯ ಅಂತರಜಾಲ ವ್ಯವಸ್ಥೆ. ಅದನ್ನು ಬ್ರೌಸರಿನಲ್ಲಿ ತೋರಿಸುತ್ತಿದ್ದ ಗೂಗಲ್ ಗ್ರೂಪ್ಸ್ 2024ರ ಫೆಬ್ರುವರಿ 22ರಂದು ಯೂಸ್‌ನೆಟ್‌ನ ಹೊಸ ಸಂದೇಶಗಳನ್ನು ತರುವುದನ್ನು ನಿಲ್ಲಿಸಿತು. ಅಲ್ಲಿಯವರೆಗೆ ಬ್ರೌಸರಿನಲ್ಲೇ ಸುದ್ದಿಗುಂಪುಗಳನ್ನು ಓದುತ್ತಿದ್ದ ನನ್ನಂಥವರು ಬೇರೆ ದಾರಿ ಹುಡುಕಬೇಕಾಯಿತು. ಸಪ್ತಾಪುರದ ನನ್ನ ಕೋಣೆಯಲ್ಲಿದ್ದುದು 2 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪು. ಅದರಲ್ಲಿ ನಾನು ಎಸ್‌ಎಲ್‌ಆರ್‌ಎನ್ ಎಂಬ, ಟರ್ಮಿನಲ್‌ನಲ್ಲಿ, ಅಂದರೆ ಅಕ್ಷರಗಳಷ್ಟೇ ಮೂಡುವ ತೆರೆಯಲ್ಲಿ, ಓಡುವ ಸುದ್ದಿಗುಂಪಿನ ತಂತ್ರಾಂಶವನ್ನು ಹಾಕಿಕೊಂಡೆ. ಮೊದಲ ವಾರ ತೊಂದರೆಪಟ್ಟದ್ದು ನಿಜ. ಆಮೇಲೆ ಮೌಸಿನ ನೆನಪೇ ಬರಲಿಲ್ಲ.

ಇದರಲ್ಲಿ ಓದುವ ಕ್ರಮ ಬಹಳ ಸರಳ. ಸ್ಪೇಸ್‌ಬಾರ್ ಒತ್ತುತ್ತ ಹೋದರೆ ಸಂದೇಶ ಪುಟಪುಟವಾಗಿ ಸರಿಯುತ್ತದೆ, ಅದು ಮುಗಿದರೆ ಇನ್ನೂ ಓದದ ಮುಂದಿನ ಸಂದೇಶ ತಾನಾಗಿ ಬರುತ್ತದೆ. ಉತ್ತರ ಬರೆಯಲು ಎಫ್, ಇಡೀ ಗುಂಪನ್ನು ಓದಿದ್ದೆಂದು ಗುರುತಿಸಲು ಸಿ. ಈ ಕೀಲಿಗಳು ಕೈಗೆ ಒಗ್ಗದಿದ್ದರೆ ಸಂರಚನಾ ಕಡತದಲ್ಲಿ ಒಂದೊಂದು ಸಾಲು ಬರೆದು ಬದಲಾಯಿಸಿಕೊಳ್ಳಬಹುದು. ಟರ್ಮಿನಲ್‌ನ ಅಕ್ಷರವನ್ನು ದೊಡ್ಡದು ಮಾಡಿ, ಉಲ್ಲೇಖಿಸಿದ ಹಳೆಯ ಸಾಲುಗಳಿಗೆ ಮಂದ ಬಣ್ಣವನ್ನೂ ಹೊಸ ಮಾತಿಗೆ ಗಾಢ ಬಣ್ಣವನ್ನೂ ಕೊಟ್ಟ ಮೇಲಂತೂ ಯಾರು ಯಾರಿಗೆ ಏನು ಹೇಳಿದರೆಂಬುದು ನೋಡಿದೊಡನೆ ತಿಳಿಯುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅಂಕ ಕೊಡುವ ಸೌಲಭ್ಯ. ಆಸಕ್ತಿಯ ವಿಷಯಕ್ಕೆ ಹೆಚ್ಚಿನ ಅಂಕ ಕೊಟ್ಟು ಪಟ್ಟಿಯಲ್ಲಿ ಮೇಲೆ ತರಬಹುದು. ಋಣ 9999 ಅಂಕ ಕೊಟ್ಟರೆ ಆ ಸಂದೇಶ ಕಣ್ಣಿಗೇ ಬೀಳುವುದಿಲ್ಲ. ಇಂಥ ನಿಯಮಕ್ಕೆ ಕೊನೆಯ ದಿನಾಂಕವನ್ನೂ ಹಾಕಬಹುದಾದ್ದರಿಂದ, ಜಗಳಕ್ಕೆ ನಿಂತವರನ್ನು ನಾನು ಒಂದು ತಿಂಗಳ ಮಟ್ಟಿಗೆ ಮಾತ್ರ ಮರೆಮಾಡುತ್ತೇನೆ. ಮನುಷ್ಯ ಒಂದು ತಿಂಗಳಲ್ಲಿ ಬೇರೆ ಮಾತಾಡಿಯಾನು. ಏನನ್ನು ಓದಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನ ಹೀಗೆ ಸಂಪೂರ್ಣವಾಗಿ ನನ್ನ ಕೈಯಲ್ಲೇ ಉಳಿಯುತ್ತದೆ, ಯಾವ ಕಂಪನಿಯೂ ನನ್ನ ಪರವಾಗಿ ಆರಿಸಿ ಮುಂದಿಡುವುದಿಲ್ಲ.

ಮಳೆಗಾಲದಲ್ಲಿ ಕರೆಂಟು ಹೋಗಿ ರೌಟರ್ ಆರಿದರೂ ಓದು ನಿಲ್ಲುವುದಿಲ್ಲ. ಜೊತೆಗೆ ಬರುವ ಎಸ್‌ಎಲ್‌ಆರ್‌ಎನ್‌ಪುಲ್ ಎಂಬ ಇನ್ನೊಂದು ತಂತ್ರಾಂಶ ಸಂದೇಶಗಳನ್ನು ಮೊದಲೇ ಇಳಿಸಿ ಡಿಸ್ಕಿನಲ್ಲಿ ಇಟ್ಟಿರುತ್ತದೆ. ಬರೀ ಅಕ್ಷರಗಳಾದ್ದರಿಂದ ಡೇಟಾ ಖರ್ಚೂ ಅತ್ಯಲ್ಪ. ಬ್ಯಾಟರಿ ಇರುವಷ್ಟು ಹೊತ್ತು ಓದಬಹುದು, ಉತ್ತರವನ್ನೂ ಬರೆದಿಟ್ಟು ಸಂಪರ್ಕ ಬಂದಾಗ ಕಳಿಸಬಹುದು. ಬರೆದದ್ದನ್ನು ಕಳಿಸುವ ಮುನ್ನ ಇನ್ನೊಮ್ಮೆ ಓದಿ ತಿದ್ದಲು ಆ ಬಿಡುವು ನನಗೆ ಎಷ್ಟೋ ಸಲ ಒದಗಿ ಬಂದಿದೆ.

ವಿರೋಧ: ಗದಗಿನ ಓದುಗನೊಬ್ಬನ ವಾದ

ಮೇಲಿನ ಅನುಕೂಲಗಳನ್ನು ನಾನು ಅಲ್ಲಗಳೆಯುವುದಿಲ್ಲ, ನಾನೂ ಕೆಲವು ತಿಂಗಳು ಅದೇ ತಂತ್ರಾಂಶವನ್ನು ಬಳಸಿದವನು. ಆದರೆ ಆ ವಾದದಲ್ಲಿ ಕನ್ನಡದ ಮಾತೇ ಬರಲಿಲ್ಲ. ಇಂಗ್ಲಿಷ್ ಓದುವವರಿಗೆ ಹಿತವಾದ ತೆರೆ ಕನ್ನಡ ಓದುವವರಿಗೂ ಹಿತವಾಗಿರಲೇಬೇಕೆಂದಿಲ್ಲ.

ನಮ್ಮ ಜಿಲ್ಲೆಯ ಲಕ್ಷ್ಮೇಶ್ವರದ ಹೆಸರನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಅದು ನಾಲ್ಕು ಅಕ್ಷರ: ಲ, ಕ್ಷ್ಮೇ, ಶ್ವ, ರ. ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದೇ ಹೆಸರು 11 ಸಂಕೇತಗಳ ಸಾಲು, ಆ ಸಂಕೇತಗಳನ್ನು ಉಳಿಸಿಡುವ ಯುಟಿಎಫ್-8 ಕ್ರಮದ ಕಡತದಲ್ಲಿ 33 ಬೈಟ್. ಆ 11 ಸಂಕೇತಗಳನ್ನು ಕೂಡಿಸಿ, ಷಕಾರವನ್ನು ಕಕಾರಕ್ಕೆ ಬೆರೆಸಿ, ಮಕಾರದ ಒತ್ತನ್ನು ಕೆಳಗಿಟ್ಟು, ಏತ್ವದ ದೀರ್ಘವನ್ನು ಬಲಕ್ಕೆ ತರುವ ಕೆಲಸವನ್ನು ತೆರೆ ಮಾಡಬೇಕು. ಟರ್ಮಿನಲ್ ಹುಟ್ಟಿದ್ದು ಈ ಕೆಲಸಕ್ಕಲ್ಲ. ಇಂದಿನ ಬಹುತೇಕ ಟರ್ಮಿನಲ್‌ಗಳು ಅನುಕರಿಸುವ 1978ರ ವಿಟಿ100 ಯಂತ್ರದ ತೆರೆ 24 ಸಾಲು, 80 ಖಾನೆಗಳದ್ದು. ಖಾನೆಗೊಂದು ಅಕ್ಷರ, ಎಲ್ಲ ಖಾನೆಗಳ ಅಗಲವೂ ಒಂದೇ. ನನ್ನ ಟರ್ಮಿನಲ್‌ನಲ್ಲಿ ಒತ್ತುಗಳೆಲ್ಲ ಬಿಡಿಬಿಡಿಯಾಗಿ, ಅರ್ಧಾಕ್ಷರಗಳ ಸಾಲಾಗಿ ಆ ಹೆಸರು ಹರಡಿಕೊಂಡಿತ್ತು. ತಿದ್ದಲು ಹೋದರೆ ಕರ್ಸರ್ ಒಂದೆಡೆ, ಅಳಿಯುವ ಅಕ್ಷರ ಇನ್ನೊಂದೆಡೆ.

ಮುದ್ರಣ ಕಾಶಿ ಎನಿಸಿದ ಗದಗಿನಲ್ಲಿ ಬೆಳೆದ ನನಗೆ ಇದನ್ನು ಸಣ್ಣ ದೋಷವೆಂದು ನುಂಗಿಕೊಳ್ಳಲು ಆಗುವುದಿಲ್ಲ. ಮೊಳೆ ಜೋಡಿಸುತ್ತಿದ್ದ ನಮ್ಮ ಕಾಕಾ ಒತ್ತಿನ ಮೊಳೆಗಳಿಗೆ ಬೇರೆಯೇ ಮನೆಗಳನ್ನು ಇಟ್ಟುಕೊಂಡು, ಒಂದೊಂದನ್ನೇ ಆರಿಸಿ ಅಕ್ಷರಕ್ಕೆ ಕೂಡಿಸುತ್ತಿದ್ದರು. ಒತ್ತು ತಪ್ಪಿದ ಪ್ರೂಫ್ ಬಂದರೆ ಅದನ್ನು ಸರಿಮಾಡದೆ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. ಕೈಯಿಂದ ಅಷ್ಟು ಶ್ರದ್ಧೆಯಲ್ಲಿ ಮಾಡುತ್ತಿದ್ದುದನ್ನು ಕಂಪ್ಯೂಟರ್ ಮಾಡದಿದ್ದರೂ ನಡೆಯುತ್ತದೆ ಎಂದು ನಾನು ಒಪ್ಪುವುದಿಲ್ಲ.

ಎಂಎಲ್‌ಟರ್ಮ್‌ನಂಥ ಬಹುಭಾಷಾ ಟರ್ಮಿನಲ್‌ಗಳು ಇವೆಯಲ್ಲ ಎಂದು ಕೇಳಬಹುದು. ಅವುಗಳಿಂದ ಓದಿಗೆ ನೆರವಾಗುತ್ತದೆ, ನಿಜ. ಆದರೆ ಅಗಲವನ್ನು ಖಾನೆಗಳಲ್ಲಿ ಎಣಿಸುವ ಕ್ರಮ ಅಲ್ಲಿಯೂ ಉಳಿಯುತ್ತದೆ, ‘ರ’ ಮತ್ತು ‘ಕ್ಷ್ಮೇ’ ಒಂದೇ ಅಗಲದವಲ್ಲ.

ಅಂಕ, ಕೀಲಿಗಳು, ಎಳೆಎಳೆಯಾಗಿ ಜೋಡಿಸಿದ ಚರ್ಚೆಗಳು ಇವುಗಳನ್ನು ಬಿಡಬೇಕೆಂದೂ ನಾನು ಹೇಳುತ್ತಿಲ್ಲ. ಸುದ್ದಿಗುಂಪಿನ ಸರ್ವರಿಗೆ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ ಕೂಡ ಸೇರಿಕೊಳ್ಳುತ್ತದೆ, ಅದರಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಕೀಲಿಮಣೆಯನ್ನೇ ನೆಚ್ಚಿದವರಿಗೆ ಈಮ್ಯಾಕ್ಸ್ ಎಂಬ ಬರಹ ತಿದ್ದುವ ತಂತ್ರಾಂಶದೊಳಗೆ ಸುದ್ದಿಗುಂಪು ಓದುವ ನೂಸ್ (Gnus) ಇದೆ, ಅದೂ ಸಂದೇಶಗಳಿಗೆ ಅಂಕ ಕೊಡುತ್ತದೆ. 2020ರಲ್ಲಿ ಬಂದ 27ನೇ ಆವೃತ್ತಿಯಿಂದ ಈಮ್ಯಾಕ್ಸ್ ಅಕ್ಷರ ಜೋಡಣೆಗೆ, ಅಂದರೆ ಒತ್ತು-ಗುಣಿತಗಳನ್ನು ಕೂಡಿಸಲು, ಹಾರ್ಫ್‌ಬಜ್ ಎಂಬ ತಂತ್ರಾಂಶವನ್ನು ಬಳಸುತ್ತದೆ. ಅದನ್ನು ಟರ್ಮಿನಲ್‌ನಲ್ಲಿ ಓಡಿಸದೆ ತನ್ನದೇ ಕಿಟಕಿಯಲ್ಲಿ ತೆರೆಯಬೇಕು, ಅಷ್ಟೆ. ಟರ್ಮಿನಲ್ ಬಳಸುತ್ತಿದ್ದಷ್ಟು ದಿನ, ಒತ್ತು ಒಡೆಯುವ ಅಂಜಿಕೆಯಿಂದ ನಾನು ಕನ್ನಡದ ಪ್ರಶ್ನೆಗಳಿಗೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದೆ. ಈಗ ಆ ಕಿಟಕಿಯಲ್ಲಿ ಲಕ್ಷ್ಮೇಶ್ವರ ನಾಲ್ಕೇ ಅಕ್ಷರಗಳಲ್ಲಿ ಕಾಣುತ್ತದೆ, ಉತ್ತರಗಳನ್ನು ಕನ್ನಡದಲ್ಲೇ ಬರೆಯುತ್ತೇನೆ.