ದೋಟಿ ಒಲ್ಲೆ ಎನ್ನುವವನ ಲೆಕ್ಕ

ಕೆಲಸಗಾರರು ಹೊಸ ಉಪಕರಣಗಳನ್ನು ಒಪ್ಪದಿರಲು ‘ಹಳೆಯ ಮನಃಸ್ಥಿತಿ’ಯೇ ಕಾರಣ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಶಿರಸಿ ಸೀಮೆಯ ಅಡಿಕೆ ತೋಟಕ್ಕೆ ಬಂದು ಈ ಮಾತು ಹೇಳಲಿ, ನೋಡೋಣ. ನಮ್ಮಲ್ಲಿ ಕಾರ್ಬನ್ ಫೈಬರ್ ದೋಟಿ (ಹಗುರವಾದ ಉದ್ದನೆಯ ಕೋಲು) ಬಂದು ಕೆಲವು ವರ್ಷಗಳಾದವು. ನೆಲದಲ್ಲಿ ನಿಂತೇ ಕೊನೆ (ಅಡಿಕೆ ಗೊಂಚಲು) ಕೊಯ್ಯಬಹುದು, ಮಳೆಗಾಲದಲ್ಲಿ ಜಾರುವ ಮರ ಹತ್ತದೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಬಹುದು. ಒಳ್ಳೆಯದೇ. ಆದರೆ ಮರದಿಂದ ಮರಕ್ಕೆ ದಾಟುತ್ತಾ ಕೊಯ್ಯುವ ನುರಿತ ಕೊನೆಗೌಡನ ಕೈಗೆ ಅದನ್ನು ಕೊಟ್ಟರೆ ಮೊದಮೊದಲು ಕೆಲಸ ನಿಧಾನ, ಮೇಲೆ ನೋಡಿ ನೋಡಿ ಕತ್ತು ನೋವು. ಕೊಯ್ದ ಕೊನೆಗಳ ಲೆಕ್ಕದಲ್ಲಿ ಕೂಲಿ ಪಡೆಯುವವನಾದರೆ ಆ ನಷ್ಟ ಪೂರ್ತಿ ಅವನದೇ. ಉಳಿತಾಯ ಮಾತ್ರ ತೋಟದ ಯಜಮಾನರದು. ಈ ಲೆಕ್ಕ ಅರ್ಥವಾಗಿಯೇ ಬೇಡ ಎನ್ನುವವನನ್ನು ಹಿಂದುಳಿದವನು ಎನ್ನುವುದು ಯಾವ ನ್ಯಾಯ? ಜೊತೆಗೆ, ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ತಂತಿ ಹಾದಿದ್ದರೆ ಅವನ ಅಂಜಿಕೆಯೇ ಸರಿ. (ಮಾರುವವರು ಇದನ್ನು ಎಷ್ಟು ಮೆಲುದನಿಯಲ್ಲಿ ಹೇಳುತ್ತಾರೋ!)

ಕಾಯಿ ಉದುರಿಸುವ ಕೊಳೆರೋಗಕ್ಕೆ ಕೊಟ್ಟೆ (ಕೊನೆಗೆ ಮಳೆ ತಾಗದಂತೆ ಹೊದಿಕೆ) ಕಟ್ಟುತ್ತಿದ್ದ ಇದೇ ಸೀಮೆ ಫ್ರಾನ್ಸಿನ ದ್ರಾಕ್ಷಿ ತೋಟದ ಮದ್ದಾದ ಬೋರ್ಡೋವನ್ನು ಒಪ್ಪಿಕೊಳ್ಳಲಿಲ್ಲವೇ? ಉದುರದೆ ಉಳಿದ ಕಾಯಿ ಕಣ್ಣಿಗೆ ಕಂಡಿತು, ಒಪ್ಪಿದರು. ಕಲಿಯುವ ದಿನಗಳಿಗೂ ಪೂರ್ತಿ ಕೂಲಿ ಕೊಟ್ಟ ಯಜಮಾನರು ಎಷ್ಟು ಮಂದಿ ಎಂದು ಲೇಖಕರು ವಿಚಾರಿಸಬೇಕಿತ್ತು.